ದೊಡ್ಡಮ್ಮ ಕನ್ನಡಿಯಲ್ಲಿ ನೋಡಿದ ಸೂರ್ಯ

ಹೋದ ತಿಂಗಳು ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವಾಗ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಕಂಡಕ್ಟರು "ಹತ್ತೇ ನಿಮಿಷ" ಎಂದ. ಕಂಡಕ್ಟರುಗಳ ಹತ್ತು ನಿಮಿಷ ಎಂದರೇನೆಂದು ಈ ವಯಸ್ಸಿನಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಿದು ಹುಣಸೆಮರದ ಕೆಳಗೆ ನಿಂತೆ. ಆಗ ಆ ವಾಸನೆ ಬಂತು. ರಸ್ತೆಯಾಚೆ ಯಾರದೋ ಮನೆಯ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೆಂದ ಹುಳದ ಆ ನಾತಕ್ಕೆ ಅಭ್ಯಾಸವಿಲ್ಲದವರು ನಿಲ್ಲಲಾರರು. ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ದೂರ ಹೋದಳು. ನಾನು ಮಾತ್ರ ಅಲ್ಲೇ ನಿಂತು ಇನ್ನಷ್ಟು ಉಸಿರೆಳೆದುಕೊಂಡೆ. ನನಗೆ ಅದು ನಮ್ಮ ಎದುರು ಮನೆಯ ದೊಡ್ಡಮ್ಮನ ಸೀರೆಯ ವಾಸನೆ...

ದೊಡ್ಡಮ್ಮ ನಮಗೆ ರಕ್ತಸಂಬಂಧಿಯಲ್ಲ. ಕೋಲಾರದ ಕೋಟೆಯ ಹತ್ತಿರ ಒಂದು ಸಣ್ಣ ಬೀದಿಯಲ್ಲಿ ನಮ್ಮ ಮನೆಯ ಬಾಗಿಲಿಗೆ ನೇರ ಅವಳ ಮನೆಯ ಬಾಗಿಲು, ಅಷ್ಟೇ ನಂಟು. ಮನೆಮಾತು ತೆಲುಗು. ಕನ್ನಡವನ್ನೂ ತೆಲುಗಿನ ರಾಗದಲ್ಲೇ ಆಡುತ್ತಿದ್ದಳು. ಗಂಡ ಸತ್ತ ಮೇಲೆ ಹುಳ ಸಾಕಿ ಬದುಕುತ್ತಿದ್ದಳು. ವೇಮಗಲ್ ಕಡೆಯಿಂದ ಹಿಪ್ಪುನೇರಳೆ ಸೊಪ್ಪು ತರಿಸಿ, ಗೂಡು ಕಟ್ಟಿಸಿ, ಒಳ್ಳೆಯದನ್ನು ಮಾರಿ, ಕಳಪೆಯದನ್ನು ಹಿತ್ತಲಲ್ಲಿ ತಾನೇ ಬೇಯಿಸಿ ನೂಲು ತೆಗೆಯುತ್ತಿದ್ದಳು. ನನ್ನ ತಂದೆ ರೇಷ್ಮೆ ಇಲಾಖೆಯಲ್ಲಿದ್ದರು. ಹರೆಯದಲ್ಲಿ ಹುಳ ಸಾಕುವ ವಿದ್ಯೆ ಕಲಿಯಲೆಂದು ಸರ್ಕಾರದವರೇ ಅವರನ್ನು ಜಪಾನಿಗೆ ಕಳಿಸಿದ್ದರು. ಹಾಗಾಗಿ ಹುಳಕ್ಕೆ ಸ್ವಲ್ಪ ಜಡ್ಡು ಬಂದರೂ ದೊಡ್ಡಮ್ಮ ಬೀದಿಯ ಆ ಕಡೆಯಿಂದಲೇ "ಸ್ವಾಮೀ, ಒಂದ್ಗಳಿಗೆ ಬಂದೋಗಿ" ಎಂದು ಕೂಗುವಳು. ಅವಳ ಗಂಟಲಿಗೆ ಬಾಗಿಲು, ಗೋಡೆ ಯಾವುದೂ ಲೆಕ್ಕಕ್ಕಿರಲಿಲ್ಲ. ಜಗಳಕ್ಕೆ ಎಷ್ಟು ಬೇಗ ನಿಲ್ಲುತ್ತಿದ್ದಳೋ ಅಷ್ಟೇ ಬೇಗ ಮರೆತು ಮಾರನೆಯ ದಿನ ಹುರುಳಿ ಸಾರು ಕಳಿಸುತ್ತಿದ್ದಳು.

ಅವಳಿಗೆ ಒಬ್ಬನೇ ಮಗ. ದುಂಡು ಮುಖದ ಹುಡುಗ. "ನನ್ ಮಗನ ಮಕ ನೋಡಿ, ಹುಣ್ಣಿಮೆ ಚಂದ್ರ" ಎಂದು ದೊಡ್ಡಮ್ಮ ಅವನೆದುರಿಗೇ ಹೇಳಿದರೆ ಅವನು ನಾಚಿ ಅಂಗಳಕ್ಕೆ ಓಡುತ್ತಿದ್ದ. ಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಿಕೊಂಡ. ಲಾರಿ ಓಡಿಸುವುದು ಕಲಿಸುತ್ತಾರೆ, ಬಂದ ಮೇಲೆ ಬಸ್ಸಿನ ಡ್ರೈವರ್ ಆಗಬಹುದು ಎಂಬುದು ಅವನ ಲೆಕ್ಕಾಚಾರ. ಹಡಗಿನಲ್ಲಿ ಸಿಂಗಪುರಕ್ಕೆ ಕಳಿಸಿದರು. ಮುಂದಿನ ಮಾಘ ಮಾಸದಲ್ಲಿ ಸಿಂಗಪುರ ಜಪಾನಿನವರ ಕೈಗೆ ಬಿತ್ತು. ಆಮೇಲೆ ಒಂದು ದಿನ ಪೋಸ್ಟಿನವನು ತಂತಿ ತಂದುಕೊಟ್ಟ. ಓದಿ ಹೇಳಿದ್ದು ನಮ್ಮ ಅಪ್ಪ.

"ಕಾಣೆಯಾಗಿದ್ದಾನೆ ಅಂತ ಬರೆದಿದ್ದಾರಮ್ಮ" ಎಂದರು.

"ಕಾಣೆ ಅಂದ್ರೆ? ಸತ್ತ ಅಂತಾನಾ, ಬದುಕವ್ನೆ ಅಂತಾನಾ?"

"ಎರಡೂ ಅಲ್ಲ."

"ಎರಡೂ ಅಲ್ದೇ ಇರೋದು ಏನ್ ಸ್ವಾಮಿ ಅದೆ ಲೋಕದಲ್ಲಿ?"

ಸತ್ತ ಎಂದಿದ್ದರೆ ಅವಳು ಬಳಲಿ ಬಿದ್ದು, ಅತ್ತು, ಎಂದಾದರೊಂದು ದಿನ ಎದ್ದು ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಈ ಕಾಣೆ ಎಂಬ ಮಾತು ಅವಳನ್ನು ಬೀಳಲೂ ಬಿಡಲಿಲ್ಲ, ಏಳಲೂ ಬಿಡಲಿಲ್ಲ. ಸಂಕಟ ಬಂದಾಗ ವೆಂಕಟರಮಣ ಎಂದು ನಾವು ನಗುತ್ತೇವಲ್ಲ, ದೊಡ್ಡಮ್ಮ ಯಾವ ರಮಣನನ್ನೂ ಬಿಡಲಿಲ್ಲ. ಕುರುಡುಮಲೆಯ ಗಣಪತಿ, ಮುಳಬಾಗಿಲಿನ ಆಂಜನೇಯ, ಅಲ್ಲಿನ ದರ್ಗಾ, ನಮ್ಮ ಕೋಲಾರಮ್ಮ... ಎಲ್ಲೆಲ್ಲೂ ಹೋಗಿ ಮುಡಿಪು ಕಟ್ಟಿ ಬಂದಳು. ಆದರೆ ಅವಳಿಗೆ ಒಂದು ಕೊರೆತ ಇತ್ತು. ಇವರೆಲ್ಲ ಇಲ್ಲಿನ ದೇವರು. ಅಷ್ಟು ದೂರದ ಸಮುದ್ರದಾಚೆ, ಪರದೇಶದವರ ಸೆರೆಯಲ್ಲಿ, ಇವರ ಮಾತು ನಡೆಯುತ್ತದೆಯೇ?

ಒಂದು ಮಧ್ಯಾಹ್ನ ಅಪ್ಪ ಅವಳ ಮನೆಯಲ್ಲಿ ಹುಳದ ತಟ್ಟೆಗಳನ್ನು ನೋಡುತ್ತಿದ್ದರು. ನಾನು ಸೊಪ್ಪು ಹೆಚ್ಚಿಕೊಡುತ್ತಿದ್ದೆ. ಆಗ ನನಗೆ ಹದಿನಾರು ಹದಿನೇಳು ಇರಬಹುದು. ಇದ್ದಕ್ಕಿದ್ದಂತೆ ದೊಡ್ಡಮ್ಮ ಕೇಳಿದಳು: "ಸ್ವಾಮಿ, ನೀವು ಆ ಜನರ ಅನ್ನ ತಿಂದು ಬಂದೋರು. ಅವ್ರಿಗೆ ದೇವ್ರು ಅಂತ ಒಂದು ಅದೆಯಾ, ಇಲ್ವಾ?"

ಜಪಾನಿನ ಸುದ್ದಿ ಎತ್ತುವುದು ಆಗ ಒಳ್ಳೆಯದಾಗಿರಲಿಲ್ಲ. ಅಪ್ಪ ತಾವು ಅಲ್ಲಿದ್ದು ಬಂದ ಸಂಗತಿಯನ್ನೇ ಹೊರಗೆ ಆಡುತ್ತಿರಲಿಲ್ಲ. ಆದರೂ ಅವಳ ಮುಖ ನೋಡಿ ಸುಮ್ಮನಿರಲಾರದೆ ಹೇಳಿದರು. ಅವರ ಪುರಾತನ ಕಥೆಗಳಲ್ಲಿ ಸೂರ್ಯ ಗಂಡಲ್ಲ, ಹೆಣ್ಣು. ಅಮಾತೆರಾಸು ಎಂದು ಹೆಸರು. ಅಲ್ಲಿನ ರಾಜರೆಲ್ಲ ತಾವು ಅವಳ ವಂಶದವರೇ ಎನ್ನುತ್ತಾರೆ. ಅವಳಿಗೊಬ್ಬ ಪುಂಡ ತಮ್ಮ, ಬಿರುಗಾಳಿಯ ದೇವರು. ಅಕ್ಕನ ಗದ್ದೆಯ ಬದು ಒಡೆದ. ಅವಳು ದೇವತೆಗಳಿಗೆ ಬಟ್ಟೆ ನೇಯಿಸುತ್ತಿದ್ದ ಮನೆಯ ಸೂರು ಕಿತ್ತು ಚರ್ಮ ಸುಲಿದ ಕುದುರೆಯನ್ನು ಒಳಗೆ ಎಸೆದ. ಅವಳು ನೊಂದು ಒಂದು ಗವಿ ಹೊಕ್ಕು ಬಂಡೆ ಮುಚ್ಚಿಕೊಂಡಳು. ಲೋಕಕ್ಕೆಲ್ಲ ಕತ್ತಲು. ಉಳಿದ ದೇವತೆಗಳು ಗವಿಯ ಮುಂದೆ ಸೇರಿ ಕೋಳಿ ಕೂಗಿಸಿದರು, ಮರದ ಕೊಂಬೆಗೆ ಕನ್ನಡಿ ತೂಗಿಬಿಟ್ಟರು, ಒಬ್ಬಳು ತೊಟ್ಟಿ ಬೋರಲು ಹಾಕಿ ಅದರ ಮೇಲೆ ಕುಣಿದಳು, ಎಲ್ಲರೂ ಗೊಳ್ಳೆಂದು ನಕ್ಕರು. ನಾನಿಲ್ಲದೆ ಇವರಿಗೆಂಥ ನಗು ಎಂದು ಅವಳು ಬಂಡೆ ಸರಿಸಿ ಇಣುಕಿದಳು. ಕನ್ನಡಿಯಲ್ಲಿ ತನ್ನ ಮುಖವೇ ಬೆಳಗುವುದನ್ನು ಕಂಡು ಬೆರಗಾಗಿ ಒಂದು ಹೆಜ್ಜೆ ಮುಂದಿಟ್ಟಳು, ಕೈಹಿಡಿದು ಹೊರಗೆ ಎಳೆದುಕೊಂಡರು. ಇವತ್ತಿಗೂ ಅವಳ ದೊಡ್ಡ ಗುಡಿಯಲ್ಲಿ ವಿಗ್ರಹವಿಲ್ಲ. ಅವಳ ಬದಲಿಗೆ ಇರುವುದು ಒಂದು ಕನ್ನಡಿ. ಅಪ್ಪ ಇದ್ದ ಹಳ್ಳಿಯಲ್ಲಿ ಮುದುಕರು ಬೆಳಿಗ್ಗೆ ಹೊರಗೆ ಬಂದು, ಹುಟ್ಟುವ ಸೂರ್ಯನಿಗೆ ಎರಡು ಸಲ ಚಪ್ಪಾಳೆ ತಟ್ಟಿ ತಲೆಬಾಗುತ್ತಿದ್ದರಂತೆ.

ದೊಡ್ಡಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಕನ್ನಡೀನಾ?" ಎಂದಳು. "ಹೆಣ್ಣು ದೇವ್ರು, ಕನ್ನಡೀಲಿ ಇರೋದಾ?"

ಹೊರಗಿನವರಿಗೆ ಇದರಲ್ಲೇನು ಬೆರಗು ಎನ್ನಿಸಬಹುದು. ನಮ್ಮ ಕೋಲಾರದ ಗುಡಿ ನೋಡಿದವರಿಗೆ ಗೊತ್ತು. ಕೋಲಾರಮ್ಮ ಉಗ್ರದೇವತೆ. ಅವಳ ದೃಷ್ಟಿಗೆ ನೇರವಾಗಿ ನಿಲ್ಲಬಾರದು ಎಂದು ಎದುರಿಗೆ ಕನ್ನಡಿ ಇಟ್ಟಿರುತ್ತಾರೆ. ಅಮ್ಮನ ಮುಖವನ್ನು ಅದರಲ್ಲಿ ನೋಡಿ ಕೈಮುಗಿಯಬೇಕು. ಕನ್ನಡಿಯಲ್ಲಿ ಬಂದ ಮೇಲೆ ಆ ದೃಷ್ಟಿ ಸುಡುವುದಿಲ್ಲ, ತಾಯಿಯ ದೃಷ್ಟಿಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಲು ಕುಡಿಯುವ ಮಗುವನ್ನೂ ಎತ್ತಿಕೊಂಡು ಹೋಗಿ ಕನ್ನಡಿಯತ್ತ ತಿರುಗಿಸುತ್ತೇವೆ.

"ಹಂಗಾರೆ ಅವ್ಳು ಬೇರೆ ಯಾರೂ ಅಲ್ಲ ಸ್ವಾಮಿ, ನಮ್ಮಮ್ಮನೇ" ಎಂದಳು ದೊಡ್ಡಮ್ಮ. ಎಷ್ಟೋ ತಿಂಗಳ ಮೇಲೆ ಅವಳ ಗಂಟಲು ಮೊದಲಿನಂತೆ ಎದ್ದಿತ್ತು. "ಬೆಳಿಗ್ಗೆ ಮೊದ್ಲು ಅಲ್ಲಿ ಹುಟ್ಟಿ ಆಮೇಲೆ ತಾನೇ ಇಲ್ಲಿಗೆ ಬರೋದು? ಅಂದ್ರೆ ನನ್ ಮಗನ್ನ ನೋಡ್ಕೊಂಡೇ ಬರ್ತಾಳೆ."

ಅಪ್ಪ ಬೇಡವೆನ್ನಲಿಲ್ಲ. ಮುಳುಗುವವಳಿಗೆ ಒಂದು ಹುಲ್ಲುಕಡ್ಡಿ ಸಿಕ್ಕಿತಲ್ಲ, ಹಿಡಿದುಕೊಳ್ಳಲಿ ಎಂದುಕೊಂಡಿರಬೇಕು. ನನಗೂ ಅಂದು ಸಂತೋಷವೇ ಆಯಿತು.

ಮಾರನೆಯ ಬೆಳಗಿನಿಂದ ಶುರುವಾಯಿತು. ಮಿಂದು, ಒದ್ದೆ ಕೂದಲಲ್ಲೇ ಹಿತ್ತಲಿನ ಕಲ್ಲಿನ ಮೇಲೆ ಪೂರ್ವಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಎದುರಿಗೆ ತುಳಸಿಕಟ್ಟೆಗೆ ಒರಗಿಸಿದ ಕನ್ನಡಿ. ಸೂರ್ಯ ಹುಟ್ಟಿ ಅದರೊಳಗೆ ಬಂದ ಕೂಡಲೇ ಎರಡು ಸಲ ಚಪ್ಪಾಳೆ ತಟ್ಟಿ, ತೆಲುಗಿನಲ್ಲಿ ಕೇಳುವಳು: "ಚೂಸ್ತಿವಾ ತಲ್ಲೀ? ನಾ ಬಿಡ್ಡನಿ ಚೂಸ್ತಿವಾ?" ನೋಡಿದೆಯಾ ತಾಯಿ, ನನ್ನ ಮಗನನ್ನು ನೋಡಿದೆಯಾ? ಹೂವು ಬೇಡ, ಹಣ್ಣು ಬೇಡ, ಮಂತ್ರ ಬೇಡ, ಕೇಳುವುದು ಅದೊಂದೇ. ಮೊದಮೊದಲು ಕೆಂಪು ಬಿಂಬ ಇರುವಷ್ಟು ಹೊತ್ತು ಕೂತು ಏಳುತ್ತಿದ್ದಳು. ಬರಬರುತ್ತಾ ಅದು ಬೆಳ್ಳಗಾಗಿ, ಕನ್ನಡಿ ಉರಿಯುವ ತನಕ ಕೂರತೊಡಗಿದಳು. ರೆಪ್ಪೆ ಬಡಿದರೆ ಅಮ್ಮ ಹೇಳುವುದು ತಪ್ಪಿಹೋಗುತ್ತದೆ ಎಂದು ನೀರು ಸುರಿಯುವ ಕಣ್ಣನ್ನು ಹಾಗೇ ಬಿಟ್ಟುಕೊಂಡು ಕೂರುವಳು.

ಉತ್ತರವೂ ಸಿಕ್ಕಿತು. ಅದೇ ಘೋರ. ಒಂದು ದಿನ ನನ್ನನ್ನು ಕರೆದು ಕೈ ಹಿಡಿದುಕೊಂಡಳು. "ಪಾಪಾ, ಇವತ್ತು ತೋರಿಸಿದ್ಲು ಕಣೇ. ಕಣ್ ಮುಚ್ಚಿದ್ನಾ... ಕತ್ಲಲ್ಲಿ ದುಂಡಕ್ಕೆ ಒಂದು ಮಕ ಬಂತು. ನನ್ ಮಗಂದೇ. ಸ್ವಲ್ಪ ಹೊತ್ತು ಇದ್ದು ಹೋಯ್ತು."

ಬಿಸಿಲು ನೋಡಿ ಕಣ್ಣು ಮುಚ್ಚಿದರೆ ಯಾರಿಗಾದರೂ ಕಾಣುವ ಬಿಂಬ ಅದು. ನನಗೂ ಗೊತ್ತಿತ್ತು, ಅವಳಿಗೂ ಬೇರೆ ಕಾಲದಲ್ಲಾಗಿದ್ದರೆ ಗೊತ್ತಿರುತ್ತಿತ್ತು. ಆದರೆ ತಾಯಿಯ ಕರುಳು ಒಂದು ಮುಖಕ್ಕಾಗಿ ಹಸಿದಿರುವಾಗ ಅದು ಮುಖವಲ್ಲ ಎಂದು ಯಾವ ಬಾಯಿಂದ ಹೇಳುವುದು? ಆ ಮುಖ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದು ಅವಳು ಇನ್ನೂ ಸ್ವಲ್ಪ ಹೊತ್ತು ಸೂರ್ಯನನ್ನು ನೋಡಿದಳು.

ಬೀದಿಯವರು ಬಿಡುತ್ತಾರೆಯೇ. ಜಪಾನಮ್ಮ ಎಂದು ಹೆಸರಿಟ್ಟರು. ಅವಳು ಬೀದಿಗೆ ಬಂದರೆ ಹುಡುಗರು ಎರಡು ಸಲ ಚಪ್ಪಾಳೆ ತಟ್ಟಿ ಓಡುತ್ತಿದ್ದರು. ಒಬ್ಬ ಯಜಮಾನರು ಬಾಗಿಲಿಗೇ ಬಂದು, ಶತ್ರುಗಳ ದೇವರನ್ನು ಪೂಜಿಸುವುದು ರಾಜದ್ರೋಹ, ಪೊಲೀಸಿನವರ ಕಿವಿಗೆ ಬಿದ್ದರೆ ಕಷ್ಟ ಎಂದು ಬೆದರಿಸಿದರು. ದೊಡ್ಡಮ್ಮ ಮೊರದಲ್ಲಿದ್ದ ಹುಳದ ಹಿಕ್ಕೆಯನ್ನು ಅವರ ಕಾಲ ಬುಡಕ್ಕೆ ಕೊಡವಿ, "ಸೂರ್ಯ ಯಾವ ಪಲ್ಟನ್ನಿನ ಸಿಪಾಯೋ ಕೇಳ್ಕೊಂಡು ಬಾರಪ್ಪಾ, ಆಮೇಲೆ ಬಿಡ್ತೀನಿ" ಎಂದಳು. ಅವರು ಪಂಚೆ ಎತ್ತಿಕೊಂಡು ಹೊರಟುಹೋದರು.

ಅಪ್ಪನಿಗೆ ಮಾತ್ರ ಭಯ ಹತ್ತಿತ್ತು. ಅವಳ ಕಣ್ಣು ಕೆಂಪಾಗಿರುವುದನ್ನು, ಸೊಪ್ಪು ಹಾಕುವಾಗ ತಟ್ಟೆಯ ಆಚೆ ಚೆಲ್ಲುವುದನ್ನು ನೋಡಿದ್ದರು. ಒಂದು ದಿನ ಹೋಗಿ, ಅದು ಹಳೇ ಕಾಲದ ಕಥೆಯಮ್ಮ, ನಮ್ಮ ಪುರಾಣಗಳ ಹಾಗೆ ಒಂದು ಕಥೆ ಅಷ್ಟೇ, ಇಲ್ಲಿಗೆ ಬಿಟ್ಟುಬಿಡಿ ಎಂದು ಬೇಡಿಕೊಂಡರು.

"ನೀವು ಹೇಳಿದ್ ದಿನ ಅದು ಕಥೆ ಆಗಿರ್ಲಿಲ್ವಲ್ಲ ಸ್ವಾಮಿ" ಎಂದಳು.

ಅಂದು ಅಪ್ಪ ಊಟ ಮಾಡಲಿಲ್ಲ. ನನ್ನ ಅಮ್ಮ ಸುಮ್ಮನಿರುವವಳಲ್ಲ. ಸಂಜೆ ಹೋಗಿ ಏನೋ ನೆಪ ಹೇಳಿ ಆ ಕನ್ನಡಿಯನ್ನು ಸೆರಗಿನಲ್ಲಿ ಮುಚ್ಚಿ ತಂದು ನಮ್ಮ ರಾಗಿ ಕಣಜದ ಹಿಂದೆ ಅಡಗಿಸಿಟ್ಟಳು. ಬೆಳಿಗ್ಗೆ ನಾನು ಹೋಗಿ ನೋಡಿದರೆ ದೊಡ್ಡಮ್ಮ ಹಿತ್ತಾಳೆಯ ಹರಿವಾಣದಲ್ಲಿ ನೀರು ತುಂಬಿಕೊಂಡು, ಅದರಲ್ಲಿ ಸೂರ್ಯನನ್ನು ಹಿಡಿದು, ಬಗ್ಗಿ ನೋಡುತ್ತಾ ಕೂತಿದ್ದಳು. ಅವಳ ಬಾಯಿ ಪಿಸಪಿಸ ಎನ್ನುತ್ತಿತ್ತು. ನಾನು ಅಳುತ್ತಾ ಮನೆಗೆ ಬಂದೆ. ಅಮ್ಮ ಕನ್ನಡಿಯನ್ನು ವಾಪಸ್ಸು ಕೊಟ್ಟಳು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಎಲ್ಲರಿಗೂ ಗೊತ್ತಾಗುವಷ್ಟು ಕಣ್ಣು ಹೋಗಿತ್ತು. ಎದುರಿಗಿರುವವರ ಮುಖ ಬಿಟ್ಟು ಬೇರೆಲ್ಲೋ ನೋಡುತ್ತಾ ಮಾತಾಡುವಳು. ಹುಳ ಬೆಳ್ಳಗಿದೆಯೋ ಹಳದಿಗೆ ತಿರುಗಿದೆಯೋ ನನ್ನನ್ನು ಕೇಳುವಳು. ಅಪ್ಪ ಬಲವಂತ ಮಾಡಿ ಗಡಿಯಾರದ ಗೋಪುರದ ಕಡೆ ಇದ್ದ ಹಕೀಮ್ ಸಾಹೇಬರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಸಾಹೇಬರು ಅವಳ ಎರಡು ಕಣ್ಣನ್ನೂ ಹೊತ್ತು ತೆಗೆದುಕೊಂಡು ನೋಡಿ, ಏನು ಮಾಡಿಕೊಂಡೆ ಎಂದು ಕೇಳಿದರು. ಅವಳು ಹೇಳಿದಳು. ನೇರವಾಗಿ ನೋಡಿಲ್ಲ, ಕನ್ನಡಿಯಲ್ಲೇ ನೋಡಿದ್ದು ಎಂದು ಒತ್ತಿ ಒತ್ತಿ ಹೇಳಿದಳು.

ಸಾಹೇಬರು ಗಡ್ಡ ನೀವಿಕೊಂಡರು. "ಆಯ್ನೆಯಲ್ಲಿ ನೋಡಿದ್ರೂ ಸೂರಜ್ ಸೂರಜ್ಜೇ ಅಲ್ವಾ ಅಮ್ಮಾ" ಎಂದರು. ಇದಕ್ಕೆ ತಮ್ಮಲ್ಲಿ ಮದ್ದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಿ ಎಂದು ಅಪ್ಪನಿಗೆ ಹೇಳಿದರು. ಸುತ್ತಲೂ ಸ್ವಲ್ಪ ಕಾಣುತ್ತದೆ, ನಟ್ಟ ನಡುವೆ ಮಾತ್ರ ಏನೂ ಕಾಣುವುದಿಲ್ಲ, ಅಲ್ಲೊಂದು ಕಪ್ಪು ಕೂತುಬಿಟ್ಟಿದೆ ಎಂದರು.

ದೊಡ್ಡಮ್ಮ ಬೆದರಿದಳೇ? ಇಲ್ಲ. ಬರುವಾಗ ದಾರಿಯಲ್ಲಿ ನನ್ನ ಕಿವಿಗೆ ಬಾಗಿ ಹೇಳಿದಳು: "ಅವ್ರು ಕಪ್ಪು ಅಂತಾರೆ. ಅದು ನನ್ ಮಗನ ಮಕ ಪಾಪಾ. ಮೊದ್ಲೆಲ್ಲಾ ಬಂದು ಹೋಗ್ತಿತ್ತು. ಈಗ ಹೋಗೋದೇ ಇಲ್ಲ. ಎಲ್ಲಿ ನೋಡಿದ್ರೂ ಅವ್ನೆ." ಅವಳು ನಗುತ್ತಿದ್ದಳು.

ಯುದ್ಧ ನಿಂತಿತು. ಜಪಾನು ಸೋತಿತು ಎಂದು ಬೀದಿಯಲ್ಲಿ ಸಕ್ಕರೆ ಹಂಚಿದರು. ದೊಡ್ಡಮ್ಮ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ, ಸೋತ ಸಿಟ್ಟಿಗೆ ಕೈದಿಗಳನ್ನೆಲ್ಲಾ ಏನಾದರೂ ಮಾಡಿಬಿಟ್ಟರೆ ಎಂದು ಅಪ್ಪನನ್ನು ಪೀಡಿಸಿದಳು. ಚಳಿಗಾಲ ಕಳೆಯಿತು. ಒಂದು ದಿನ ಹೊತ್ತು ಏರಿದ ಮೇಲೆ ಜಟಕಾ ಒಂದು ನಮ್ಮ ಬೀದಿಗೆ ಬಂದು ನಿಂತಿತು. ಅದರಿಂದ ಒಬ್ಬ ಮುದುಕ ಇಳಿದ. ಹಲ್ಲು ಅರ್ಧ ಇಲ್ಲ, ಕೆನ್ನೆ ಒಳಕ್ಕೆ ಹೋಗಿತ್ತು, ಮೈ ಸುಣ್ಣದಂತೆ ಬಿಳಿಚಿಕೊಂಡಿತ್ತು. ಅಪ್ಪ ಜಗಲಿಯ ಮೇಲಿದ್ದವರು ಎದ್ದು ನಿಂತು ಬಾಯಿ ಮುಚ್ಚಿಕೊಂಡಾಗಲೇ ನನಗೆ ತಿಳಿದದ್ದು, ಅವನು ದೊಡ್ಡಮ್ಮನ ಮಗ.

"ಅಮ್ಮಾ" ಎಂದ ಬಾಗಿಲಲ್ಲಿ ನಿಂತು. ಅಪ್ಪನೂ ನಾನೂ ಅವನ ಹಿಂದೆಯೇ ಬಂದೆವು.

ದೊಡ್ಡಮ್ಮ ಒಳಗಿನಿಂದ ಓಡಿಬಂದಳು. ದನಿ ಗುರುತು ಸಿಕ್ಕಿತ್ತು, ತೋಳು ಹಿಡಿದಳು, ಭುಜ ಹಿಡಿದಳು, ಹೆಸರು ಹಿಡಿದು ಕೂಗಿದಳು. ಆಮೇಲೆ ನೋಡಲೆಂದು ಮುಖವೆತ್ತಿದಳು. ಅವಳ ಕಣ್ಣಿನ ನಡುವಿದ್ದ ಆ ಕಪ್ಪು ಅವನ ಮುಖದ ಮೇಲೆ ಹೋಗಿ ಕೂತಿತು. ಅವನ ಕೈ ಕಾಣುತ್ತಿತ್ತು, ಕಾಲು ಕಾಣುತ್ತಿತ್ತು, ಹಿಂದಿನ ಬಾಗಿಲ ಚೌಕಟ್ಟು ಕಾಣುತ್ತಿತ್ತು. ಮುಖವಿರಬೇಕಾದ ಕಡೆ ಮಾತ್ರ ಆ ದುಂಡು ಕತ್ತಲು. ಅವಳು ನೊಣ ಓಡಿಸುವ ಹಾಗೆ ಅವನ ಮುಖದ ಮುಂದೆ ಕೈಯಾಡಿಸಿದಳು. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು. "ಸರಿ, ಪಕ್ಕಕ್ಕೆ ಸರಿ" ಎಂದಳು. ತನಗೇ ಅನ್ನುತ್ತಿದ್ದಾಳೆಂದುಕೊಂಡು ಅವನು ಸರಿದ. ಕಪ್ಪೂ ಅವನ ಜೊತೆಗೇ ಸರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಏನಾಯಿತು ಕಣ್ಣಿಗೆ ಎಂದು ಅವನು ಕೇಳಿದ. ವಯಸ್ಸಾಯಿತಲ್ಲಪ್ಪಾ ಎಂದು ಬಿಟ್ಟಳು. ಅಪ್ಪ "ಅದು..." ಎನ್ನುತ್ತಿದ್ದಂತೆ ಕೈಸನ್ನೆ ಮಾಡಿ ತಡೆದಳು. ಆಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹಾಗೆ ತಿರುಗಿದರೆ ಕಣ್ಣಂಚಿನಲ್ಲಿ ಅವನು ಮಬ್ಬಾಗಿ ಕಾಣುತ್ತಿದ್ದನಂತೆ. ಬೀದಿಯಲ್ಲಿ ಹೋಗುವವರು ನೋಡಿದರೆ ತಾಯಿ ಮಗನ ಮೇಲೆ ಮುನಿಸಿಕೊಂಡಿದ್ದಾಳೆ ಎನ್ನಬೇಕು. ಅವನು ಅವಳ ಅಂಗೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡ. ಅಲ್ಲಿ ದುಂಡು ಕೆನ್ನೆ ಎಲ್ಲಿತ್ತು, ಎಲುಬು ಇತ್ತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಎಲ್ಲಿಟ್ಟಿದ್ರು ನಿನ್ನ?" ಎಂದು ಕೇಳಿದಳು.

"ಯಾವ್ದೋ ದ್ವೀಪ ಅಮ್ಮ. ಗುಡ್ಡ ಕೊರೆಸ್ತಿದ್ರು ನಮ್ ಕೈಲಿ. ಮೇಲಿಂದ ಬಾಂಬು ಬೀಳೋದಲ್ಲ, ಅದಕ್ಕೆ ಅವ್ರಿಗೆ ಸುರಂಗ ಬೇಕಿತ್ತು. ಬೆಳಗಾಗೋಕೆ ಮುಂಚೆ ಒಳಕ್ಕೆ ಬಿಟ್ರೆ ಕತ್ಲಾದ್ಮೇಲೆ ಹೊರಕ್ಕೆ ಬಿಡೋರು. ಆಮೇಲಾಮೇಲೆ ಮಲಗೋದೂ ಒಳಗೇ..." ಅವನು ತನ್ನ ಬಿಳಿಚಿದ ತೋಳುಗಳನ್ನು ಮುಂದೆ ಚಾಚಿದ. "ನೋಡಮ್ಮಾ ಹೆಂಗಾಗೋಗಿವ್ನಿ. ಇಷ್ಟು ವರ್ಷ ನನ್ ಮೈಮೇಲೆ ಬಿಸಿಲೇ ಬಿದ್ದಿಲ್ಲ."

ಅವನು ತನ್ನ ಕಷ್ಟ ಹೇಳಿಕೊಂಡ, ಅಷ್ಟೇ. ಪಾಪ, ಅವನಿಗೇನು ಗೊತ್ತು. ಅಪ್ಪ ತಲೆ ತಗ್ಗಿಸಿದರು. ದೊಡ್ಡಮ್ಮ ನಿಧಾನವಾಗಿ ಅಪ್ಪನ ದನಿ ಕೇಳಿದ್ದ ದಿಕ್ಕಿಗೆ ತಿರುಗಿದಳು.

"ಸ್ವಾಮಿ" ಎಂದಳು. "ಹಂಗಾರೆ ಇಷ್ಟ್ ದಿನ ನನ್ ಕಣ್ಣಲ್ಲಿ ಕೂತಿದ್ದೋನು ಯಾರು?"

ಮಗ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ.

ಆಮೇಲೆ ಅವಳು ಬೆಳಗಿನಲ್ಲಿ ಹಿತ್ತಲಿಗೆ ಹೋಗಲಿಲ್ಲ. ಹುಳದ ಕೋಣೆಯ ನಸುಗತ್ತಲಲ್ಲೇ ಇರುತ್ತಿದ್ದಳು. ನಾನು ಮದುವೆಯಾಗಿ ಮಾಲೂರಿಗೆ ಹೋದ ಎರಡನೆಯ ವರ್ಷ ಹೋಗಿಬಿಟ್ಟಳು ಎಂದು ಅಮ್ಮ ಹೇಳಿಕಳಿಸಿದಳು. ಕೊನೆಗಾಲದಲ್ಲಿ ಮಗ ಪಕ್ಕದಲ್ಲೇ ಇದ್ದನಂತೆ. ಅವಳು ಮಾತ್ರ ಕಣ್ಣು ಮುಚ್ಚಿಕೊಂಡೇ ಇದ್ದಳಂತೆ, ಬಿಡು ಎಂದರೂ ಬಿಡಲಿಲ್ಲವಂತೆ. ಅವನೂ ಬಹಳ ವರ್ಷ ಉಳಿಯಲಿಲ್ಲ. ಅಪ್ಪ ಸಾಯುವವರೆಗೂ ಜಪಾನಿನ ಒಂದು ಕಥೆಯನ್ನೂ ಮತ್ತೆ ಹೇಳಲಿಲ್ಲ, ನನ್ನ ಮಕ್ಕಳು 'ಹೇಳು ತಾತಾ' ಎಂದು ಕಾಡಿದಾಗಲೂ.

ನನಗೆ ಆ ದೇವಿಯ ಮೇಲೆ ಸಿಟ್ಟಿದೆ, ನಮ್ಮ ಸೂರ್ಯನಾರಾಯಣನ ಮೇಲೂ ಇದೆ. ದಿನಾ ಎಲ್ಲರ ಮನೆಯ ಮೇಲೆ ಹಾದುಹೋಗುವವರು ಒಂದು ಮಾತು ನಿಜ ಹೇಳಿದ್ದರೆ ಏನಾಗುತ್ತಿತ್ತು? ನಾನು ನೋಡಿಲ್ಲ ತಾಯಿ, ನನಗೆ ಗೊತ್ತಿಲ್ಲ ಎಂದಿದ್ದರೆ... ಅವಳು ಅಷ್ಟನ್ನಾದರೂ ತಡೆದುಕೊಳ್ಳುತ್ತಿದ್ದಳು. ಇದನ್ನು ಕೇಳಿಕೊಳ್ಳಲು ಈಗ ನಮ್ಮ ಬೀದಿಯವರು ಯಾರೂ ಉಳಿದಿಲ್ಲ. ಅವಳ ಮನೆ ಇದ್ದ ಜಾಗದಲ್ಲಿ ಗೋದಾಮು ಆಗಿದೆ.

ಕಂಡಕ್ಟರು ಸೀಟಿ ಊದಿದ. ಎಲ್ಲರೂ ಹತ್ತಿದರು. ಕಿಟಕಿಯ ಪಕ್ಕ ಖಾಲಿ ಇದೆ ಬನ್ನಿ ಅಜ್ಜಿ ಎಂದು ಒಬ್ಬ ಹುಡುಗಿ ಕರೆದಳು. ನಾನು ಒಲ್ಲೆನೆಂದು ಬಿಸಿಲು ಬೀಳದ ಕಡೆಯ ಸೀಟು ಹುಡುಕಿ ಕೂತೆ.